ಮಲೆನಾಡಿನ ಮನೆಯ ಜಗುಲಿಯಿಂದ ಕಾಣುವ ಕಾಡುಹಕ್ಕಿಗಳು

[ದೃಶ್ಯ: ಜೂನ್ ತಿಂಗಳ ನಸುಕು. ಹಂಚಿನ ಮನೆ, ಸೂರಿನಿಂದ ಇಳಿಯುವ ನೀರು. ಹಳ್ಳದ ಕಡೆಯಿಂದ ಉದ್ದನೆಯ ಸಿಳ್ಳೆ.]

ಈಗ ಕೇಳಿದ ಸಿಳ್ಳೆಯನ್ನು, ಮಲೆನಾಡಿನಲ್ಲಿ ಮೊದಲ ಬಾರಿಗೆ ಮಳೆಗಾಲದ ರಾತ್ರಿ ಕಳೆದವರು ಮನುಷ್ಯನದ್ದೆಂದೇ ತಿಳಿಯುವುದುಂಟು. ಹುಡುಗನೊಬ್ಬ ಹಾಡು ಹಿಡಿದು, ನಡುವೆ ಮರೆತು, ಮತ್ತೆಲ್ಲಿಂದಲೋ ಎತ್ತಿಕೊಂಡಂತೆ ಅದು ಕೇಳಿಸುತ್ತದೆ. ಇದು ಮಲಬಾರ್ ವಿಸ್ಲಿಂಗ್ ಥ್ರಷ್, ಸರಳವಾಗಿ ಹೇಳುವುದಾದರೆ ಸಿಳ್ಳೆ ಹಕ್ಕಿ. ಸುಮಾರು 25 ಸೆಂಟಿಮೀಟರ್ ಉದ್ದದ ಈ ಹಕ್ಕಿ ದೂರಕ್ಕೆ ಬರೀ ಕಪ್ಪಾಗಿ ಕಂಡರೂ, ಬೆಳಕು ಓರೆಯಾಗಿ ಬಿದ್ದಾಗ ಹಣೆ ಮತ್ತು ಹೆಗಲಿನ ಮೇಲೆ ಹೊಳೆಯುವ ಕಡುನೀಲಿ ಬಣ್ಣ ಒಮ್ಮೆ ಕಂಡವರಿಗೆ ಮರೆಯುವುದಿಲ್ಲ.

ಹಕ್ಕಿ ನೋಡಲು ದಟ್ಟ ಕಾಡಿನೊಳಗೆ ಹೋಗಲೇಬೇಕೆಂದು ಅನೇಕರು ನಂಬಿದ್ದಾರೆ. ಆದರೆ ಆಗುಂಬೆ, ಶೃಂಗೇರಿ, ಸಿದ್ದಾಪುರದ ಕಡೆಯ ಒಂಟಿ ಮನೆಗಳ ಹಿಂದೆ ಧರೆ ಎನ್ನುವ ಕಡಿದಾದ ಮಣ್ಣಿನ ದಿಬ್ಬ, ಕೆಳಗೆ ಅಡಿಕೆ ತೋಟ, ಮೇಲೆ ತೋಟಕ್ಕೆ ಸೊಪ್ಪು ಕೊಡುವ ಕಾಡಾದ ಸೊಪ್ಪಿನ ಬೆಟ್ಟ, ಬದಿಯಲ್ಲೊಂದು ಹಳ್ಳ ಇರುವುದರಿಂದ, ಬೇರೆ ಬೇರೆ ನೆಲೆಗಳ ಹಕ್ಕಿಗಳು ಒಂದೇ ಜಗುಲಿಯ ಕಣ್ಣಳತೆಗೆ ಬರುತ್ತವೆ. ಅಲ್ಲಿ ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅಲುಗಾಡದೆ ಕುಳಿತುಕೊಳ್ಳುವುದೇ ನನ್ನ ಪ್ರಕಾರ ದೊಡ್ಡ ದುರ್ಬೀನಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

[ದೃಶ್ಯ: ಪಾಚಿಗಟ್ಟಿದ ಬಂಡೆ. ಹಕ್ಕಿಯ ಕೊಕ್ಕಿನಲ್ಲಿ ಸಣ್ಣ ಏಡಿ.]

ಮಳೆ ಹಿಡಿದಾಗ ಉಳಿದ ಹಕ್ಕಿಗಳು ಸುಮ್ಮನಾದರೂ ಸಿಳ್ಳೆ ಹಕ್ಕಿ ಹಾಡುವುದೇಕೆ? ಅದರ ಸಂತಾನದ ಕಾಲವೇ ಮುಂಗಾರು. ಏಡಿ, ಕಪ್ಪೆಮರಿ, ಎರೆಹುಳುಗಳು ಆಗ ಹೇರಳವಾಗಿ ಸಿಗುತ್ತವೆ. ಅದು ಏಡಿಯನ್ನು ಹಿಡಿದು ಕಲ್ಲಿಗೆ ಬಡಿಯುತ್ತದೆ, ಕಾಲು ಕಳಚಿದ ಮೇಲೆ ನುಂಗುತ್ತದೆ. ಹಳ್ಳದ ಪಕ್ಕದ ಬಂಡೆಯ ಅಂಚಿನಲ್ಲಿ ಬೇರು, ಹುಲ್ಲು, ಕೆಸರು ಸೇರಿಸಿ ಗೂಡು ಕಟ್ಟುವುದು ಅದರ ಪದ್ಧತಿಯಾದರೂ, ಕೆಲವೊಮ್ಮೆ ಮನೆಯ ಮಾಡಿನ ಅಡಿಯ ಗೋಡೆಯಂಚನ್ನೂ ಅದು ಬಂಡೆಯೆಂದೇ ಬಗೆಯುತ್ತದೆ. 2ರಿಂದ 4 ಮೊಟ್ಟೆ, 16 ಅಥವಾ 17 ದಿನಗಳ ಕಾವು. ಅಷ್ಟು ದಿನ ಆ ಗೋಡೆಯ ಬಳಿ ಏಣಿ ಇಡದೆ, ಫ್ಲ್ಯಾಶ್ ಹಾಕಿ ಚಿತ್ರ ತೆಗೆಯದೆ, ಮೊಬೈಲಿನಲ್ಲಿ ಅದರ ಕೂಗನ್ನು ನುಡಿಸದೆ ಇರಬೇಕೆಂದು ಕೇಳಿಕೊಳ್ಳುತ್ತೇನೆ. ಧ್ವನಿಮುದ್ರಿಕೆಯನ್ನು ಪ್ರತಿಸ್ಪರ್ಧಿಯೆಂದು ಭಾವಿಸಿದ ಹಕ್ಕಿ ಗೂಡು ಬಿಟ್ಟು ಅದನ್ನು ಹುಡುಕಿಕೊಂಡು ಅಲೆಯುತ್ತದೆ.

ತೋಟದ ಕಡೆಗೆ ಬಂದರೆ ಬಿಳಿಗೆನ್ನೆಯ ಕುಟ್ರು ಹಕ್ಕಿ. ಎಲೆಯ ಹಸಿರಲ್ಲಿ ಕರಗಿಹೋಗುವ ಇದನ್ನು ಕಾಣಲು ಕೂಗಿಗಿಂತ ಒಣಕೊಂಬೆಯನ್ನು ಗಮನಿಸುವುದು ಸುಲಭ. ಮೆಣಸಿನ ಬಳ್ಳಿ ಹಬ್ಬಿಸಿದ ಹಾಲುವಾಣದ ಮೆತ್ತನೆಯ ಒಣಮರದಲ್ಲಿ ಅದು ದುಂಡಗಿನ ಪೊಟರೆ ಕೊರೆಯುತ್ತದೆ. ಕೊರೆಯುತ್ತ ಕೊರೆಯುತ್ತ ಹಿಂದಕ್ಕೆ ಸರಿದು, ಕೊಕ್ಕಿನ ತುಂಬ ಮರದ ಹೊಟ್ಟನ್ನು ಹೊರಗೆ ಚೆಲ್ಲಿ, ಮತ್ತೆ ಒಳಗೆ ತಲೆ ತೂರಿಸುತ್ತದೆ. ಅದು ಬಿಟ್ಟುಹೋದ ಪೊಟರೆಯಲ್ಲಿ, ತಾವಾಗಿ ಮರ ಕೊರೆಯಲಾರದ ಹಕ್ಕಿಗಳು ಸಂಸಾರ ಹೂಡುತ್ತವೆ. ಆದ್ದರಿಂದ ಮನೆಗೂ ತಂತಿಗೂ ಅಪಾಯವಿಲ್ಲದ ಒಣಕೊಂಬೆಯನ್ನು ದಯವಿಟ್ಟು ಹಾಗೆಯೇ ಬಿಡಿ.

ಕೇವಲ ದನಿಯಿಂದ ಹಕ್ಕಿಯನ್ನು ಗುರುತಿಸುವವರು ಭೀಮರಾಜನ ವಿಷಯದಲ್ಲಿ ಎಚ್ಚರವಾಗಿರಬೇಕು, ಏಕೆಂದರೆ ಬಾಲದ ತುದಿಯಲ್ಲಿ ಎರಡು ಗರಿಗಳನ್ನು ತೂಗಾಡಿಸುವ ಆ ಕರಿಹಕ್ಕಿ ಇತರರ ಕೂಗನ್ನು ಚೆನ್ನಾಗಿ ಅನುಕರಿಸುತ್ತದೆ. ಕೆಮ್ಮೀಸೆ ಪಿಕಳಾರ ನಿಮ್ಮ ಕಿಟಕಿಯ ಗಾಜನ್ನು ಕುಕ್ಕುತ್ತಿದ್ದರೆ, ತನ್ನ ಪ್ರತಿಬಿಂಬದೊಂದಿಗೆ ಜಗಳವಾಡುತ್ತಿದೆ ಎಂದರ್ಥ. ಹೊರಗಿನಿಂದ ಒಂದು ಬಟ್ಟೆ ಇಳಿಬಿಟ್ಟರೆ ಸಾಕು.

[ದೃಶ್ಯ: ಅಕ್ಟೋಬರ್. ತೋಟದ ತರಗೆಲೆಗಳ ನಡುವೆ ಬಣ್ಣದ ಚಲನೆ.]

ಮಳೆ ಹಿಂದೆಗೆಯುತ್ತಿದ್ದಂತೆ ಸಿಳ್ಳೆ ಕಡಿಮೆಯಾಗುತ್ತದೆ, ಉತ್ತರದಿಂದ ನವರಂಗವೆಂಬ ಬಣ್ಣಬಣ್ಣದ ವಲಸೆ ಹಕ್ಕಿ ಬರುತ್ತದೆ. ರಾತ್ರಿಯೆಲ್ಲ ಹಾರಿ ದಣಿದ ಹಕ್ಕಿ ಕೆಲವೊಮ್ಮೆ ಅಂಗಳದಲ್ಲೇ ಕುಸಿದು ಕೂರುತ್ತದೆ. ಆಗ ಬೆಕ್ಕು, ಕಾಗೆಗಳಿಂದ ಕಾಪಾಡಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಿರುವ ಕಡೆ ಕೆಲವು ಗಂಟೆ ಇಡಿ. ಬಾಯಿಗೆ ನೀರು ಹನಿಸಬೇಡಿ. ಚೇತರಿಸಿಕೊಂಡ ಮೇಲೆ ತೋಟದ ನೆರಳಿನಲ್ಲಿ ಮುಚ್ಚಳ ತೆರೆದರೆ, ಅದು ಎರಡು ಹೆಜ್ಜೆ ಕುಪ್ಪಳಿಸಿ ತರಗೆಲೆ ಮಗುಚತೊಡಗುತ್ತದೆ.