ಅದು ಜಗಳವಲ್ಲ, ಹಿಂಸೆ

ಕೇಳುಗರೇ, ನಮಸ್ಕಾರ.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಹೇಳಿಕೊಂಡು ಪಕ್ಕದ ಮನೆಯ ಕೂಗಿಗೆ ಕಿವಿ ಮುಚ್ಚಿಕೊಳ್ಳುವವರೊಡನೆ ನಾನು ಇಂದು ಮಾತನಾಡಬೇಕಾಗಿದೆ. ಜಗಳದಲ್ಲಿ ಇಬ್ಬರೂ ದನಿಯೆತ್ತುತ್ತಾರೆ. ಒಬ್ಬರು ದನಿಯೆತ್ತಿದಾಗ ಇನ್ನೊಬ್ಬರು ಹೆದರಿ ಸುಮ್ಮನಾಗುತ್ತಿದ್ದರೆ ಅದು ಜಗಳವಲ್ಲ, ಹಿಂಸೆ. ಹೊಡೆತದ ಗುರುತನ್ನು ಹುಡುಕಬೇಡಿ, ಭಯವನ್ನು ಗಮನಿಸಿ.

ಆಪ್ತಸಮಾಲೋಚನೆಗೆ ಬಂದಿದ್ದ ಶಿಕ್ಷಕಿಯೊಬ್ಬರ ಸಂಗತಿಯನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಹೇಳುತ್ತೇನೆ. ಅವರು ಮಾತು ಆರಂಭಿಸುವ ಮೊದಲೇ ಕೈಚೀಲದಿಂದ ಪುಟ್ಟ ನೋಟುಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮನೆಯಿಂದ ಹೊರಟ ಸಮಯ, ದಾರಿಯಲ್ಲಿ ಯಾರೊಡನೆ ಮಾತನಾಡಿದರು, ಮರಳಿದ ಸಮಯ, ಇಷ್ಟನ್ನೂ ಪ್ರತಿದಿನ ಬರೆದು ರಾತ್ರಿ ಗಂಡನಿಗೆ ತೋರಿಸಬೇಕಿತ್ತು. ತಡವಾದ ದಿನಗಳ ಕೆಳಗೆ ಅವನು ಎಳೆದ ಕೆಂಪು ಗೆರೆಗಳಿದ್ದವು. ಸಂಬಳ ಅವನ ಖಾತೆಗೆ, ಫೋನು ಅವನ ಕೈಗೆ. ತವರಿನಲ್ಲಿ ಹೇಳಿಕೊಂಡಾಗ ‘ಕೈ ಮಾಡಿಲ್ಲವಲ್ಲ, ಹೊಂದಿಕೊಂಡು ಹೋಗು’ ಎಂದರಂತೆ. ಅವನು ಕೈ ಮಾಡಿದ್ದು, ಇನ್ನು ಬರೆಯುವುದಿಲ್ಲ ಎಂದು ಅವರು ಹೇಳಿದ ದಿನ. ಆಗ ಗೋಡೆಯಾಚೆಯ ಮನೆಯವರು ಟಿವಿಯ ಸದ್ದು ಹೆಚ್ಚಿಸಿದ್ದು ಅವರಿಗೆ ಸ್ಪಷ್ಟವಾಗಿ ಕೇಳಿಸಿತ್ತು.

ಜಗತ್ತಿನ ಮಹಿಳೆಯರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಗುರಿಯಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜಿಸಿತು. ಆ ನೋಟುಪುಸ್ತಕದಂತಹ ಹಿಂಸೆ ಈ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಮಹಿಳೆಯರ ಮೇಲಿನ ಹಿಂಸೆಯನ್ನು ತೊಡೆದುಹಾಕುವ ಕುರಿತ ವಿಶ್ವಸಂಸ್ಥೆಯ 1993ರ ಘೋಷಣೆ ಮಾನಸಿಕ ಹಿಂಸೆಯನ್ನೂ, ನಾಲ್ಕು ಗೋಡೆಗಳ ಒಳಗಿನ ಹಿಂಸೆಯನ್ನೂ ಹಿಂಸೆಯೆಂದೇ ಪರಿಗಣಿಸಿದೆ. ಇಷ್ಟು ವರ್ಷಗಳಾದ ಮೇಲೂ ‘ಅದು ಅವರ ಮನೆಯ ವಿಷಯ’ ಎನ್ನುವುದನ್ನು ದಯವಿಟ್ಟು ನಿಲ್ಲಿಸೋಣ. ಕುಡಿತ, ಸಿಟ್ಟು ಎಂಬ ನೆಪಗಳೂ ಸಾಕು. ಸಿಟ್ಟು ತಡೆಯಲಾಗಲಿಲ್ಲ ಎನ್ನುವವನು ಮೇಲಧಿಕಾರಿಯ ಎದುರು ಅದೇ ಸಿಟ್ಟನ್ನು ಚೆನ್ನಾಗಿ ತಡೆದುಕೊಳ್ಳುತ್ತಾನೆ. ಗಂಡುಮಕ್ಕಳು ಈ ವ್ಯತ್ಯಾಸವನ್ನು ಮನೆಯಲ್ಲಿ ನೋಡಿಯೇ ಕಲಿಯುತ್ತಾರೆ. ಟ್ರಾನ್ಸ್‌ಜೆಂಡರ್ ಮೊದಲಾದ ಲಿಂಗತ್ವ ಅಲ್ಪಸಂಖ್ಯಾತರ ಮೇಲೆ ಅವರ ಮನೆಯವರೇ ನಡೆಸುವ ಹಿಂಸೆಯನ್ನೂ ‘ಮನೆಯ ವಿಷಯ’ ಎನ್ನಬಾರದು.

ಸಮಯ ಕಡಿಮೆಯಿರುವುದರಿಂದ ನೆರೆಹೊರೆಯವರು ಮಾಡಬೇಕಾದದ್ದನ್ನಷ್ಟೇ ಹೇಳುತ್ತೇನೆ. ಪಕ್ಕದ ಮನೆಯಲ್ಲಿ ಹಿಂಸೆ ಅನುಭವಿಸುತ್ತಿರುವ ಮಹಿಳೆ ಒಬ್ಬರೇ ಸಿಕ್ಕಾಗ, ‘ಮನೆಯಲ್ಲಿ ನಿಮಗೆ ಭಯವಾಗುತ್ತದೆಯೇ’ ಎಂದು ಕೇಳಿ, ಅವರು ಹೇಳಿದ್ದನ್ನು ನಂಬಿ. ಈಗಲೇ ಬಿಟ್ಟು ಬನ್ನಿ ಎಂದು ಒತ್ತಾಯಿಸಬೇಡಿ, ಏಕೆಂದರೆ ಮನೆ ಬಿಡುವ ಹೊತ್ತೇ ಹೆಚ್ಚು ಅಪಾಯದ್ದು. ಹೊರಡುವ ದಿನವನ್ನು ಅವರೇ ನಿರ್ಧರಿಸಲಿ. ಅಲ್ಲಿಯವರೆಗೆ ಅವರ ದಾಖಲೆಗಳ ನಕಲುಗಳಿಗೆ ನಿಮ್ಮ ಬೀರುವಿನಲ್ಲಿ ಜಾಗ ಕೊಡಿ, ಸಹಾಯವಾಣಿಗೆ ಕರೆ ಮಾಡಲು ನಿಮ್ಮ ಫೋನು ಕೊಡಿ.