ಜಿಮ್‌ನಲ್ಲಿ ಕೈಬದಲಾಗುವ ಸ್ಟಾನೊಜೊಲಾಲ್

ಕೇಳುಗರೇ, ನಮಸ್ಕಾರ. ಹಾಸನದ ಬಿ.ಎಂ. ರಸ್ತೆ ಕಡೆ ಹೋದರೂ ಜಿಮ್, ಅರಸೀಕೆರೆ, ಸಕಲೇಶಪುರಕ್ಕೆ ಹೋದರೂ ಜಿಮ್. ಚಳಿಯಲ್ಲೂ ಬೆಳಗ್ಗೆಯೇ ಎದ್ದು ಹೋಗುವ ಹುಡುಗರನ್ನು ನೋಡಿದರೆ ನನಗೆ ಖುಷಿಯಾಗುತ್ತದೆ. ಆದರೆ ಜಿಮ್‌ಗಳಲ್ಲಿ ಗುಟ್ಟಾಗಿ ಕೈಬದಲಾಗುವ ಒಂದು ಮಾತ್ರೆಯ ಬಗ್ಗೆ ಇವತ್ತು ಮಾತಾಡಲೇಬೇಕು. ಅದೇ ಸ್ಟಾನೊಜೊಲಾಲ್. ವಿನ್‌ಸ್ಟ್ರಾಲ್ ಅಂದರೆ ಅನೇಕರಿಗೆ ಗೊತ್ತಾಗುತ್ತದೆ.

ಇದು ಔಷಧಿಯೇ. ಗಂಡಸರ ಟೆಸ್ಟೋಸ್ಟೆರಾನ್ ಹಾರ್ಮೋನಿನ ಜಾತಿಗೆ ಸೇರಿದ್ದು, ಲ್ಯಾಬಿನಲ್ಲಿ ತಯಾರಾದದ್ದು. ಕೆಲವು ಮನೆತನಗಳಲ್ಲಿ ಒಂದು ಕಾಯಿಲೆ ಇರುತ್ತದೆ, ಇದ್ದಕ್ಕಿದ್ದಂತೆ ತುಟಿ, ಮುಖ, ಗಂಟಲು ಊದಿಕೊಂಡು ಉಸಿರೇ ಕಟ್ಟಬಹುದು. ಅಂಥವರ ರಕ್ತದಲ್ಲಿ ಕಡಿಮೆಯಿರುವ ಒಂದು ಪ್ರೋಟೀನನ್ನು ಈ ಔಷಧಿ ಹೆಚ್ಚಿಸುತ್ತದೆ. ಮೂಳೆಮಜ್ಜೆ ಸೋತು ರಕ್ತ ತಯಾರಾಗದವರಿಗೂ ಕೊಡುವುದುಂಟು.

ಹಾಗೇ ಒಂದು ಮಾತು. ಸ್ಟಾನೊಜೊಲಾಲ್ ಕೂಡ ಸ್ಟೀರಾಯ್ಡೇ, ಸ್ನಾಯು ಬೆಳೆಸುವ ಬಗೆಯದು. ಉಬ್ಬಸಕ್ಕೆ ವೈದ್ಯರು ಕೊಡುವ ಸ್ಟೀರಾಯ್ಡ್ ಬೇರೆ ಬಗೆಯದು. ನನ್ನ ಮಾತು ಕೇಳಿ ಯಾರೂ ಇನ್‌ಹೇಲರ್ ಬಿಡಬೇಡಿ.

ಜಿಮ್‌ನಲ್ಲಿ ಇದನ್ನು ಬಳಸುವುದು 'ಕಟಿಂಗ್'ಗೆ, ಅಂದರೆ ಸ್ನಾಯು ಉಳಿಸಿಕೊಂಡು ಕೊಬ್ಬು ಇಳಿಸುವುದಕ್ಕೆ. ಬೇರೆ ಕೆಲವು ಸ್ಟೀರಾಯ್ಡ್‌ಗಳ ಹಾಗೆ ಇದು ಮೈಯಲ್ಲಿ ನೀರು ತುಂಬಿಸುವುದಿಲ್ಲ, ಸ್ನಾಯು ಗೀರಿದಂತೆ ಕಾಣುತ್ತದೆ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಬೆನ್ ಜಾನ್ಸನ್ 100 ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿದ್ದು ನೆನಪಿದೆಯಲ್ವಾ? ಅವರ ಮೂತ್ರದಲ್ಲಿ ಸಿಕ್ಕಿದ್ದು ಇದೇ. ಮೂರೇ ದಿನಕ್ಕೆ ಚಿನ್ನ ಹೋಯಿತು, ದಾಖಲೆಯೂ ಹೋಯಿತು.

ಪದಕದ ಮಾತು ಬಿಡಿ, ನನಗೆ ಜಾಸ್ತಿ ಚಿಂತೆ ಲಿವರಿನದು. ಬಾಯಿಂದ ನುಂಗಿದ ಟೆಸ್ಟೋಸ್ಟೆರಾನನ್ನು ಲಿವರ್ ಬೇಗ ಒಡೆದುಹಾಕುತ್ತದೆ. ಹಾಗೆ ಒಡೆಯದಿರಲಿ ಅಂತಲೇ ಇದರ ರಚನೆಯನ್ನು ಬದಲಿಸಿದ್ದಾರೆ, ಅದಕ್ಕೇ ಲಿವರಿಗೆ ಇದರ ಭಾರ ಹೆಚ್ಚು. ಕಾಮಾಲೆ ಆಗಬಹುದು, ಲಿವರಿನೊಳಗೆ ರಕ್ತ ತುಂಬಿದ ಗುಳ್ಳೆ ಏಳಬಹುದು, ಗಡ್ಡೆಯೂ ಬೆಳೆಯಬಹುದು. ಇಂಜೆಕ್ಷನ್ ತೆಗೆದುಕೊಂಡರೂ ಒಳಗೆ ಹೋಗುವುದು ಅದೇ ಔಷಧಿ. ಒಳ್ಳೆಯ ಕೊಲೆಸ್ಟ್ರಾಲ್ ಕುಸಿಯುತ್ತದೆ, ಕೆಟ್ಟದ್ದು ಏರುತ್ತದೆ, ಇಪ್ಪತ್ತರ ಹುಡುಗನಿಗೆ ಇದು ಹೊರಗೆ ಗೊತ್ತೇ ಆಗುವುದಿಲ್ಲ, ಕನ್ನಡಿಯಲ್ಲಿ ಮೈ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಹೊರಗಿಂದ ಹಾರ್ಮೋನು ಬಂದರೆ ದೇಹ ತನ್ನದನ್ನು ತಯಾರಿಸುವುದು ಕಡಿಮೆ ಮಾಡುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ಬಿಟ್ಟ ಮೇಲೂ ಸರಿಹೋಗಲು ತಿಂಗಳುಗಟ್ಟಲೆ ಬೇಕಾಗಬಹುದು. ಇನ್ನೂ ಬೆಳೆಯುತ್ತಿರುವ ಮಕ್ಕಳಲ್ಲಿ ಮೂಳೆಯ ತುದಿ ಬೇಗ ಮುಚ್ಚಿ ಎತ್ತರ ನಿಂತುಬಿಡುತ್ತದೆ. ಹೆಣ್ಣುಮಕ್ಕಳಿಗೆ ದನಿ ಒಡೆದರೆ ಅದು ಮತ್ತೆ ಮೊದಲಿನಂತಾಗದೇ ಇರಬಹುದು.

ವೈದ್ಯರ ಚೀಟಿಯಿಲ್ಲದೆ ಕೈಗೆ ಬಂದ ಡಬ್ಬಿಯೊಳಗೆ ನಿಜವಾಗಿ ಏನಿದೆ ಅಂತ ಕೊಟ್ಟವರಿಗೂ ಗೊತ್ತಿರುವುದಿಲ್ಲ. ಆಟಗಾರರಂತೂ ನೆನಪಿಡಿ, ಡೋಪಿಂಗ್ ತಡೆಗೆ ನಮ್ಮಲ್ಲಿ 2022ರಲ್ಲಿ ಕಾಯ್ದೆಯೇ ಬಂದಿದೆ.

ಈಗಾಗಲೇ ತೆಗೆದುಕೊಳ್ಳುತ್ತಿರುವವರು ಹೆದರಿ ಸುಮ್ನೆ ಕೂರಬೇಡಿ. ವೈದ್ಯರ ಹತ್ತಿರ ಹೋಗಿ. ಯಾವ ಮಾತ್ರೆ, ಎಷ್ಟು, ಎಂದಿನಿಂದ, ಜೊತೆಗೆ ಬೇರೆ ಏನೇನು ಅಂತ ಮುಚ್ಚಿಡದೆ ಹೇಳಿ. ಲಿವರ್, ಕೊಲೆಸ್ಟ್ರಾಲ್, ಹಾರ್ಮೋನು, ಮೂರಕ್ಕೂ ರಕ್ತಪರೀಕ್ಷೆ ಇದೆ. ಕಣ್ಣು ಹಳದಿಯಾಗಿದ್ದರೆ, ಮೂತ್ರ ಕಪ್ಪಾಗಿ ಹೋಗುತ್ತಿದ್ದರೆ ನಾಳೆಗೆ ಮುಂದೂಡಬೇಡಿ, ಇವತ್ತೇ ಹೋಗಿ.