ಕೆರೆಗೆ ದುಡ್ಡುಂಟು, ನೀರುಗಂಟಿಗೆ?

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವ ಹಿರಿಯರೇ, ನಮ್ಮ ಸಮುದಾಯ ಪ್ರತಿಷ್ಠಾನದ ಸದಸ್ಯರೇ, ಕಡೂರು, ಕೊಪ್ಪ, ಮೂಡಿಗೆರೆ ಕಡೆಯಿಂದ ಬೆಳಿಗ್ಗೆಯೇ ಬಸ್ ಹತ್ತಿ ಚಿಕ್ಕಮಗಳೂರಿಗೆ ಬಂದಿರುವ ಬಂಧುಗಳೇ,

ನಮ್ಮ ಹೊಸ ಸಂಯೋಜಕಿಯವರನ್ನು ಪರಿಚಯ ಮಾಡಿಕೊಡುವ ಕೆಲಸ ನನಗೆ ಬಂದಿದೆ. ಅವರ ಹೆಸರು, ಊರು, ಓದು ಎಲ್ಲವನ್ನೂ ಕಾರ್ಯದರ್ಶಿಗಳು ಆಗಲೇ ಹೇಳಿದರು. ಅದನ್ನೇ ಮತ್ತೆ ಹೇಳುವುದಿಲ್ಲ. ಹೋದ ಸಭೆಯಲ್ಲಿ ಇವರ ಸಂಬಳದ ಮಾತು ಬಂದಾಗ ಸದಸ್ಯರೊಬ್ಬರು ಎದ್ದು ಕೇಳಿದರು: "ಸೇವೆ ಮಾಡೋಕೆ ಸಂಬಳ ಯಾಕೆ ಸ್ವಾಮಿ? ಆ ದುಡ್ಡಲ್ಲಿ ಎಷ್ಟು ಮಕ್ಕಳಿಗೆ ಬ್ಯಾಗ್ ಬರುತ್ತೆ ಲೆಕ್ಕ ಹಾಕಿ." ಕೇಳಿದವರು ಪ್ರತಿ ವರ್ಷ ಕೈಬಿಚ್ಚಿ ಕೊಡುವವರು. ಇವತ್ತೂ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟರೆ ಪರಿಚಯವೂ ಆದ ಹಾಗೆ ಅಂದುಕೊಂಡಿದ್ದೇನೆ.

ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ ನಿಮಗೆಲ್ಲ ಗೊತ್ತು. ಕಟ್ಟಿಸಿದವನು ರುಕ್ಮಾಂಗದ ರಾಜ ಅನ್ನುತ್ತಾರೆ. ಆ ಕೆರೆಗೆ ಒಂದು ಕಥೆ ಇದೆ. ಇಂಥ ಕಥೆ ಬೇರೆ ಕೆರೆಗಳಿಗೂ ಉಂಟು, ಆದರೆ ನಾನು ಕೇಳಿ ಬೆಳೆದದ್ದು ಅಯ್ಯನಕೆರೆಯದ್ದು. ಮಳೆ ಹಿಡಿದುಬಿಟ್ಟಿತ್ತಂತೆ. ಕೆರೆ ತುಂಬಿ ಏರಿಯ ಅಂಚಿಗೆ ಬಂದಿತ್ತು. ರಾತ್ರಿ ಏರಿ ಮೇಲೆ ಇದ್ದವನು ಒಬ್ಬ ನೀರುಗಂಟಿ, ಅಂದರೆ ಕೆರೆ ಕಾಯ್ದು ಗದ್ದೆಗೆ ನೀರು ಬಿಡುವವನು. ತಲೆ ಮೇಲೆ ಕಂಬಳಿ ಕೊಪ್ಪೆ. ಕೆರೆಯ ದೇವಿ ಅವನಿಗೆ ಕಾಣಿಸಿಕೊಂಡು, "ನಾನಿನ್ನು ಇಲ್ಲಿ ನಿಲ್ಲಲ್ಲ, ಏರಿ ಒಡೆದುಕೊಂಡು ಹೊರಟೆ" ಅಂದಳು. ಇವನು ಕೈಮುಗಿದ. "ತಾಯೀ, ದೊರೆಗೆ ಒಂದು ಮಾತು ಹೇಳಿ ಬರ್ತೀನಿ. ನಾನು ವಾಪಸ್ ಬರೋ ತನಕ ತಡಿ." ದೇವಿ ಒಪ್ಪಿದಳು. ಅವನು ಆ ಮಳೆಯಲ್ಲೇ ಓಡಿ ಹೋಗಿ ದೊರೆಯನ್ನು ಎಬ್ಬಿಸಿ ಎಲ್ಲ ಹೇಳಿದ. ದೊರೆ ಯೋಚನೆ ಮಾಡಿದ. ಇವನು ವಾಪಸ್ ಹೋದರೆ ತಾನೇ ಕೆರೆ ಒಡೆಯೋದು? ಅಲ್ಲೇ ಅವನ ತಲೆ ತೆಗೆಸಿಬಿಟ್ಟ. ದೇವಿ ಇವತ್ತಿಗೂ ಕಾಯುತ್ತಿದ್ದಾಳೆ, ಅದಕ್ಕೇ ಕೆರೆ ಉಳಿದಿದೆ, ಅಂತ ಕಥೆ.

ಚಿಕ್ಕಂದಿನಲ್ಲಿ ಈ ಕಥೆ ಹೇಳುವಾಗ ದೊಡ್ಡವರೆಲ್ಲ ದೊರೆಯ ಬುದ್ಧಿ ಹೊಗಳುತ್ತಿದ್ದರು. ನನಗೆ ಈಗ ಅದು ಸಾಧ್ಯವೇ ಇಲ್ಲ. ಮಳೆಯಲ್ಲಿ ನಿಂತವನು ಅವನು, ದೇವಿಯ ಹತ್ತಿರ ಮಾತಾಡಿದವನು ಅವನು, ಓಡಿದವನೂ ಅವನೇ. ಅವನ ಹೆಂಡತಿ ಮಕ್ಕಳು ಏನಾದರು? ನಾನು ಕೇಳಿದ ಕಥೆಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ನಮ್ಮ ಎಷ್ಟೋ ಸಂಘ ಸಂಸ್ಥೆಗಳು ಹೀಗೇ ನಡೆಯುತ್ತಿವೆ. ಕಟ್ಟಡದ ಗೋಡೆ ಮೇಲೆ ದಾನಿಗಳ ಹೆಸರು. ಒಳಗೆ ರಸೀದಿ ಬರೆಯುವ ಹುಡುಗಿಗೆ "ಗೌರವಧನ" ಅಂತ ಬಸ್ ಚಾರ್ಜಿಗೂ ಸಾಲದಷ್ಟು ದುಡ್ಡು. ಆರು ತಿಂಗಳಿಗೆ ಅವಳು ಬಿಟ್ಟು ಹೋದರೆ "ಈಗಿನವರಿಗೆ ಸೇವಾ ಮನೋಭಾವ ಇಲ್ಲ" ಅನ್ನುತ್ತೇವೆ. ಇದು ಅನ್ಯಾಯ.

ಹಿಂದಿನವರು ಎಲ್ಲರೂ ಹಾಗೆ ಮಾಡಲಿಲ್ಲ. ನಮ್ಮ ಸೀಮೆಯ ಶಾಸನಗಳಲ್ಲಿ ಕಟ್ಟುಕೊಡಗಿ ಬರುತ್ತದೆ. ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟ ಜಮೀನು ಅದು. ಹೂಳು ಎತ್ತುವ ಬಂಡಿಯ ಖರ್ಚಿಗೂ ದತ್ತಿ ಬಿಟ್ಟವರಿದ್ದಾರೆ. ನೀರುಗಂಟಿ ಊರಿನ ಕೆಲಸ ಮಾಡಿ ಬೆಳೆಯಲ್ಲಿ ಪಾಲು ಪಡೆಯುವ ಹನ್ನೆರಡು ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲು ಅಳೆದು ಕೊಡುತ್ತಿದ್ದರು. ಅದು ಅವನ ಹಕ್ಕು. ಕೆರೆ ಕಟ್ಟಿಸುವ ದುಡ್ಡು ಒಂದು ಸಲದ್ದು, ಕಾಯುವವನ ದುಡ್ಡು ಪ್ರತಿ ವರ್ಷದ್ದು ಅಂತ ಅವರಿಗೆ ಗೊತ್ತಿತ್ತು. ನಾವು ಬ್ಯಾಗ್ ಕೊಡುತ್ತೇವೆ, ಬೆಂಚ್ ಕೊಡುತ್ತೇವೆ. ನೀರುಗಂಟಿಗೆ ಕೊಡುವುದಿಲ್ಲ.

ಈಗ ನಮ್ಮ ಸಂಯೋಜಕಿಯವರ ವಿಷಯಕ್ಕೆ ಬರುತ್ತೇನೆ. ಕಡೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರ ವಿಧವಾ ವೇತನ ನಿಂತುಹೋಗಿತ್ತು. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿದರೆ ಮ್ಯಾಚ್ ಆಗುತ್ತಿರಲಿಲ್ಲ. ಜೀವನವಿಡೀ ಕೂಲಿ ಮಾಡಿದ ಕೈ, ಗೆರೆಗಳೆಲ್ಲ ಸವೆದಿದ್ದವು. ಒಟಿಪಿ ಬರುವ ನಂಬರ್ ಬೆಂಗಳೂರಿಗೆ ಹೋದ ಮೊಮ್ಮಗನದ್ದು, ಅದೂ ಬದಲಾಗಿತ್ತು. ನಾವು ಅವರ ಮನೆಗೆ ಹೋದಾಗ ಒಳಗಿಂದ ಒಂದು ಟ್ರಂಕ್ ತೆಗೆದು ತೋರಿಸಿದರು. ಯಾರ್‍ಯಾರೋ ಕೊಟ್ಟ ಮೂರು ಹೊಸ ಕಂಬಳಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಕಂಬಳಿ ಕೊಡುವವರು ಅವರಿಗೆ ಬೇಕಾದಷ್ಟು ಜನ ಸಿಕ್ಕಿದ್ದರು. ಸೋಮವಾರ ಬೆಳಿಗ್ಗೆ ಜೊತೆಗೆ ಬಸ್ ಹತ್ತುವವರು ಸಿಕ್ಕಿರಲಿಲ್ಲ. ನಾವೆಲ್ಲ ತೋಟ, ಅಂಗಡಿ, ನೌಕರಿ ಇರುವವರು. ನಮಗೆ ಬಿಡುವು ಭಾನುವಾರ. ನಾಡಕಚೇರಿ, ಬ್ಯಾಂಕ್, ಪಂಚಾಯಿತಿ ಯಾವುದೂ ಭಾನುವಾರ ತೆಗೆದಿರಲ್ಲ, ಅಲ್ವಾ?

ಕೊನೆಗೆ ಅಜ್ಜಿಯ ಕೈ ಹಿಡಿದು ಕರೆದುಕೊಂಡು ಹೋದವರು ಇವರು. ಆಗ ಇವರು ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿ. ಆಧಾರ್ ಕೇಂದ್ರದಲ್ಲಿ ಮೊಬೈಲ್ ನಂಬರ್ ಬದಲಿಸಿ, ಬ್ಯಾಂಕಿನಲ್ಲಿ ಖಾತೆಗೆ ಜೋಡಿಸಿ, ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಪಾಸ್‌ಬುಕ್ಕಿನಲ್ಲಿ ದುಡ್ಡು ಪ್ರಿಂಟ್ ಆಗುವವರೆಗೂ ಬಿಡಲಿಲ್ಲ. ಇಂಥವರು ನಮಗೆ ಬೇಕು ಅಂತ ಅವತ್ತೇ ಅನ್ನಿಸಿತು.

ಸಂದರ್ಶನಕ್ಕೆ ಬಂದಾಗ ನಮ್ಮ ರಸೀದಿ ಪುಸ್ತಕ ಮುಂದಿಟ್ಟೆವು. ಸುಮ್ನೆ ಹಾಳೆ ತಿರುವುತ್ತಾ ಹೋದರು. ಆಮೇಲೆ, "ಸರ್, ಇಲ್ಲಿ ಪ್ಯಾನ್ ನಂಬರ್ ಬರೆಯೋಕೆ ಜಾಗವೇ ಇಲ್ಲವಲ್ಲ, ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ದಾನಿಗಳ ಪಟ್ಟಿ ಹೇಗೆ ಸಲ್ಲಿಸ್ತೀರಿ?" ಅಂದರು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಇದೆಲ್ಲ ಅವರ ಬಾಯಲ್ಲೇ ಇತ್ತು. ನಮ್ಮ ಖಜಾಂಚಿಗಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು!

ಇನ್ನೊಂದು ಮಾತು. ಕಂಪನಿಗಳ ಹತ್ತಿರ ಸಿಎಸ್‌ಆರ್ ದುಡ್ಡು, ಅಂದರೆ ಅವರು ಸಮಾಜದ ಕೆಲಸಕ್ಕೆ ತೆಗೆದಿಡುವ ದುಡ್ಡು, ಕೇಳಲು ಹೋದಾಗ "ಆಡಳಿತ ವೆಚ್ಚ 5 ಪರ್ಸೆಂಟ್ ದಾಟಬಾರದು, ಸಂಬಳಕ್ಕೆ ಕೊಡಲ್ಲ" ಅನ್ನುತ್ತಾರೆ. 2021ರಲ್ಲಿ ತಿದ್ದಿದ ನಿಯಮವನ್ನು ಪೂರ್ತಿ ಓದಿ. ಆ 5 ಪರ್ಸೆಂಟ್ ಕಂಪನಿಯ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತ ಖರ್ಚಿಗೆ. ಒಂದು ಯೋಜನೆಯನ್ನು ನೇರವಾಗಿ ನಡೆಸಲು ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ. ಅಜ್ಜಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುವವರ ಸಂಬಳವೇ ಇಲ್ಲಿ ಯೋಜನೆ, ಮತ್ತೇನು? ನೀರುಗಂಟಿಯ ಪಾಲನ್ನು ಕೆರೆಯ ಖರ್ಚಿನಿಂದ ಹೊರಗಿಟ್ಟು ಲೆಕ್ಕ ಬರೆಯೋಕಾಗುತ್ತದೆಯೇ?

ಸಮುದಾಯ ಪ್ರತಿಷ್ಠಾನ ಅನ್ನುವುದು ಶುರುವಾದದ್ದೂ ಇದೇ ತರಹದ ಚಿಂತೆಯಿಂದ. 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನಲ್ಲಿ ಫ್ರೆಡರಿಕ್ ಗಾಫ್ ಅನ್ನುವ ಬ್ಯಾಂಕಿನವರು ಮೊದಲನೆಯದನ್ನು ಕಟ್ಟಿದರು. ಶ್ರೀಮಂತರು ಉಯಿಲಿನಲ್ಲಿ ಷರತ್ತು ಹಾಕಿ ಬಿಟ್ಟುಹೋದ ದುಡ್ಡು, ಕಾಲ ಬದಲಾದ ಮೇಲೆ ಯಾರ ಉಪಯೋಗಕ್ಕೂ ಬಾರದೆ ಉಳಿಯುತ್ತಿತ್ತು. ಊರಿನವರೇ ಕೂತು ಈಗ ಏನು ಬೇಕೋ ಅದಕ್ಕೆ ಕೊಡಲಿ ಅಂದರು ಗಾಫ್. ಮುಂಬೈಯಲ್ಲಿ 1991ರಲ್ಲಿ ಅಂಥದ್ದೊಂದು ಬಂತು. ಈಗ ಏನು ಬೇಕು ಅಂತ ನಮಗೆ ಗೊತ್ತಾಗುವುದು ಹೇಗೆ? ಒಂದೇ ಜಿಲ್ಲೆಯಲ್ಲಿ ಶೃಂಗೇರಿ ಕಡೆ ಮಳೆ ಬಿಡುವುದಿಲ್ಲ, ಕಡೂರಿನಲ್ಲಿ ರಾಗಿ ಒಣಗುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿಯಿತು. ಯಾರಿಗೆ ಏನು ಬೇಕು ಅಂತ ಮನೆಮನೆಗೆ ನಡೆದು ಬರೆದುಕೊಳ್ಳುವವರು ಬೇಕು.

ಚೀಟಿ ಬಂತು. ಊಟದ ಹೊತ್ತಾಗಿದೆಯಂತೆ. ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳ ಬಗ್ಗೆ, ಕೊಯ್ಲು ಮುಗಿದ ತಕ್ಷಣ ಅಪ್ಪ ಅಮ್ಮನ ಜೊತೆ ಶಾಲೆ ಬಿಟ್ಟು ಹೊರಡುವವರ ಬಗ್ಗೆ, ಜಾಸ್ತಿ ಹೇಳಬೇಕಿತ್ತು. ಅದನ್ನು ಇವರೇ ಹೇಳಲಿ, ಇವರು ನೋಡಿದವರು. ವಿದ್ಯಾರ್ಥಿವೇತನದ ಅರ್ಜಿಗಳೂ ಇನ್ನು ಇವರ ಹತ್ತಿರವೇ.

ಎರಡು ವಿನಂತಿ. ಒಂದು, ಇವರ ಮೂರು ವರ್ಷದ ಸಂಬಳಕ್ಕೆ ಬೇರೆ ನಿಧಿ ತೆಗೆದಿದ್ದೇವೆ. ಬಾಗಿಲ ಹತ್ತಿರ ಪುಸ್ತಕ ಇದೆ, ಪ್ಯಾನ್ ನಂಬರ್ ಸಮೇತ ಬರೆಸಿ. ಎರಡು, ಭಾನುವಾರ ಇವರಿಗೆ ರಜೆ. ದಯವಿಟ್ಟು ಅವತ್ತು ಯಾರೂ ಫೋನ್ ಮಾಡಬೇಡಿ, ಅಧ್ಯಕ್ಷರೂ ಸೇರಿ. ಬಾಮ್ಮ, ಮೈಕ್ ತಗೋ.